ಪೇಟಿ ಮಾಸ್ತರರ ಹೆಸರು ಯಾವ ಪಟ್ಟಿಯಲ್ಲಿದೆ?

ಸಂಗೀತ ಕಛೇರಿಯ ಆಮಂತ್ರಣ ಪತ್ರಿಕೆಯಲ್ಲಿ ಗಾಯಕರ ಹೆಸರು ದಪ್ಪಕ್ಷರದಲ್ಲಿರುತ್ತದೆ. ಅದರ ಕೆಳಗೆ ‘ಹಾರ್ಮೋನಿಯಂ ಸಾಥ್’ ಎಂದು ಸಣ್ಣಕ್ಷರದಲ್ಲಿ ಇನ್ನೊಂದು ಹೆಸರು. ವೃತ್ತಿ ನಾಟಕ ಕಂಪನಿಗಳ ಭಿತ್ತಿಪತ್ರಗಳಲ್ಲಂತೂ ಬಹಳ ಸಲ ಆ ಸಣ್ಣಕ್ಷರಕ್ಕೂ ಜಾಗವಿರುತ್ತಿರಲಿಲ್ಲ. ನಾಯಕಿಯ ಚಿತ್ರ, ಹಾಸ್ಯನಟನ ಬಿರುದು, ಟಿಕೆಟ್ಟಿನ ದರ, ಇಷ್ಟು ತುಂಬಿದ ಮೇಲೆ ಉಳಿಯುವುದು ಮುದ್ರಣಾಲಯದ ಹೆಸರಿಗೆ ಬೇಕಾದಷ್ಟು ಸ್ಥಳ ಮಾತ್ರ. ಆದರೆ ಪರದೆ ಏಳುವ ಮೊದಲು ಸಭಿಕರ ಗದ್ದಲವನ್ನು ಅಡಗಿಸುತ್ತಿದ್ದವರು, ನಟಿಯ ಗಂಟಲು ಕಟ್ಟಿದ ದಿನ ಹಾಡಿನ ಸುರವನ್ನು ಸದ್ದಿಲ್ಲದೆ ಒಂದು ಮನೆ ಕೆಳಗಿಳಿಸಿ ಅವಳ ಮಾನ ಕಾಯುತ್ತಿದ್ದವರು ರಂಗದ ಮುಂದಿನ ತಗ್ಗಿನಲ್ಲಿ ಕಾಲುಪೇಟಿಯ ಹಿಂದೆ ಕುಳಿತ ಮಾಸ್ತರರೇ ಆಗಿದ್ದರು.

ಹುನಗುಂದ ಸೀಮೆಯ ನಮ್ಮ ಕಮತಗಿ ನೇಕಾರರ ಊರು. ಇಲ್ಲಿ ಈ ವಾದ್ಯಕ್ಕೆ ಹಾರ್ಮೋನಿಯಂ ಎಂಬ ಹೆಸರು ಬಂದದ್ದು ಶಾಲಾ ಪುಸ್ತಕದಿಂದ. ಜನರ ಬಾಯಲ್ಲಿ ಅದು ಪೇಟಿ. ನುಡಿಸುವವರು ಪೇಟಿ ಮಾಸ್ತರರು. ಕುಣಿಮಗ್ಗದಲ್ಲಿ ನೇಕಾರ ಸೊಂಟದ ಮಟ್ಟ ತಗ್ಗಿಗಿಳಿದು, ಪಾದಗಳಿಂದ ಹಲಗೆ ತುಳಿಯುತ್ತ ಕೈಯಿಂದ ಲಾಳಿ ಹಾಯಿಸುವುದನ್ನು ಕಂಡವರಿಗೆ ಕಾಲುಪೇಟಿಯ ಕಸುಬನ್ನು ವಿವರಿಸಿ ಹೇಳಬೇಕಾಗಿಲ್ಲ. ಎರಡರಲ್ಲೂ ಕಾಲು ತಪ್ಪಿದರೆ ಕೈಯ ಕೌಶಲ ವ್ಯರ್ಥ. ಕೈಪೇಟಿಯಲ್ಲಿ ಎಡಗೈ ತಿದಿ ಒತ್ತುವುದರಲ್ಲೇ ಮುಗಿಯುತ್ತದೆ. ಕಾಲುಪೇಟಿಯಲ್ಲಿ ಎರಡೂ ಕೈಗಳು ಮುಕ್ತ. ಬಲಗೈ ಹಾಡನ್ನು ಹಿಂಬಾಲಿಸುವಾಗ ಎಡಗೈ ಷಡ್ಜ–ಪಂಚಮಗಳನ್ನು ಹಿಡಿದು ನಿಲ್ಲಬಹುದು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಸಾವಿರ ಜನರ ತಂಬುವನ್ನು ತುಂಬಬಲ್ಲ ನಾದ ಅದಕ್ಕಿತ್ತು.

ಈ ವಾದ್ಯ ನಮ್ಮದಲ್ಲ ಎಂಬ ಮಾತು ನಿಜ. 1840ರ ದಶಕದ ಆರಂಭದಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬಾಂ ಇದಕ್ಕೆ ಹಕ್ಕುಪತ್ರ ಪಡೆದ. ಪಾದ್ರಿಗಳ ಜೊತೆ, ಸಾಹೇಬರ ಮನೆಸಾಮಾನಿನ ಜೊತೆ ಹಿಂದೂಸ್ಥಾನಕ್ಕೆ ಬಂತು. ಕಲ್ಕತ್ತೆಯ ದ್ವಾರಕಾನಾಥ ಘೋಷರು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅದರ ಕಾಲುಗಳನ್ನು ಕಡಿದು, ತಿದಿಯನ್ನು ಬೆನ್ನಿಗೆ ಹಚ್ಚಿ, ನೆಲದ ಮೇಲೆ ಕುಳಿತು ನುಡಿಸುವ ಪೆಟ್ಟಿಗೆಯನ್ನಾಗಿ ಮಾಡಿದರು. ಅಲ್ಲಿಂದ ಮುಂದೆ ಅದರ ದಿಗ್ವಿಜಯವನ್ನು ಯಾರೂ ತಡೆಯಲಾಗಲಿಲ್ಲ.

ಅರ್ಥಶಾಸ್ತ್ರ ಓದಿದ ನನಗೆ ಈ ದಿಗ್ವಿಜಯದ ಕಾರಣ ಸ್ವಲ್ಪ ಬೇರೆಯಾಗಿ ಕಾಣುತ್ತದೆ. ಸಂಗೀತಜ್ಞರು ಅದನ್ನು ಅಭಿರುಚಿಯ ಪತನ ಎನ್ನುತ್ತಾರೆ. ನಾನು ವೆಚ್ಚದ ಲೆಕ್ಕ ಎನ್ನುತ್ತೇನೆ. ಸಾರಂಗಿ ಮನುಷ್ಯ ಕಂಠಕ್ಕೆ ಅತ್ಯಂತ ಹತ್ತಿರದ ವಾದ್ಯ, ಸಂಶಯವಿಲ್ಲ. ಆದರೆ ಹತ್ತಾರು ತರಬುಗಳ ಆ ವಾದ್ಯವನ್ನು ಒಬ್ಬ ಹಾಡುಗಾರನಿಗಾಗಿ ಹದಗೊಳಿಸಿ, ಐದು ನಿಮಿಷದ ಬಳಿಕ ಬೇರೆ ಸುರದಲ್ಲಿ ಹಾಡುವ ಇನ್ನೊಬ್ಬಳಿಗಾಗಿ ಬದಲಿಸಲು ಸಾಧ್ಯವೆ? ನಾಟಕದಲ್ಲಿ ರಾಜ ‘ಕಪ್ಪು ಎರಡರಲ್ಲಿ’, ರಾಣಿ ‘ಬಿಳಿ ನಾಲ್ಕರಲ್ಲಿ’, ಭಕ್ತ ಬಾಲಕ ಇನ್ನೂ ಮೇಲೆ. ಪೇಟಿ ಮಾಸ್ತರರಿಗೆ ಇದು ಬೆರಳು ಸರಿಸಿದಷ್ಟು ಸುಲಭ. ಇಂದಿಗೂ ಗಾಯಕರು ತಮ್ಮ ಷಡ್ಜವನ್ನು ಪೇಟಿಯ ಮನೆಗಳ ಬಣ್ಣ ಮತ್ತು ಸಂಖ್ಯೆಯಿಂದಲೇ ಹೇಳುತ್ತಾರೆ. ಪೇಟಿಯನ್ನು ಹಳಿಯುವವರೂ ಹಾಗೆಯೇ ಹೇಳುತ್ತಾರೆ ಎಂಬುದು ನನಗೆ ಯಾವಾಗಲೂ ತಮಾಷೆಯಾಗಿ ತೋರಿದೆ. ಒಂದು ಸಲ ಕೊಂಡರೆ ದಶಕಗಟ್ಟಲೆ ಬಾಳುವ, ಎತ್ತಿನ ಬಂಡಿಯಲ್ಲೂ ರೈಲಿನಲ್ಲೂ ಸಾಗಿಸಬಹುದಾದ ಸ್ಥಿರ ಬಂಡವಾಳವದು. ಕಂಪನಿಯ ಮಾಲೀಕ ಇನ್ನೇನನ್ನು ಆರಿಸಿಕೊಳ್ಳಬೇಕಿತ್ತು?

ಮರಾಠಿ ಸಂಗೀತ ನಾಟಕದ ಪ್ರಭಾವ ಕೃಷ್ಣೆಯ ಈಚೆಗೂ ಬಲವಾಗಿಯೇ ಇತ್ತು. ಬಾಲಗಂಧರ್ವರ ಕಂಪನಿಯಲ್ಲಿ ಆರ್ಗನ್, ಸಾರಂಗಿ ಮತ್ತು ತಿರಕವಾ ಖಾನರ ತಬಲಾ ಒಟ್ಟಿಗೇ ನುಡಿಯುತ್ತಿದ್ದವು. ಕೊಲ್ಹಾಪುರದ ಗೋವಿಂದರಾವ್ ಟೆಂಬೆ (1881–1955) ಪೇಟಿಯಿಂದಲೇ ಕೀರ್ತಿ ಪಡೆದು, 1911ರ ‘ಮಾನಾಪಮಾನ’ ನಾಟಕಕ್ಕೆ ಮಟ್ಟು ಕೂಡಿಸಿ, ಮುಂದೆ ಚಲನಚಿತ್ರಕ್ಕೂ ಹೋದರು. ಶಿರಹಟ್ಟಿ ವೆಂಕೋಬರಾಯರು, ಗರುಡ ಸದಾಶಿವರಾಯರು, ವಾಮನರಾವ್ ಮಾಸ್ತರರು ಕಟ್ಟಿದ ಕನ್ನಡ ಕಂಪನಿಗಳು ಇದೇ ಗಾಳಿಯಲ್ಲಿ ಬೆಳೆದವು. ಬಾಲಕ ಮಲ್ಲಿಕಾರ್ಜುನ ಮನ್ಸೂರರು ಬಣ್ಣ ಹಚ್ಚಿದ್ದು ವಾಮನರಾಯರ ಕಂಪನಿಯಲ್ಲಿ. ನಮ್ಮ ನೆರೆಯ ಸೂಳೇಬಾವಿಯ ಪಿ.ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ಊರೂರು ಸುತ್ತಿದ ಮೇಲೆಯೇ 1974ರಲ್ಲಿ ರಾಜಕುಮಾರರ ಚಿತ್ರವಾದದ್ದು. ಚಿತ್ರದ ಸಂಗೀತ ಜಿ.ಕೆ. ವೆಂಕಟೇಶರದೆಂದು ಎಲ್ಲರಿಗೂ ಗೊತ್ತು. ಅದೇ ನಾಟಕ ಜಾತ್ರೆಯಿಂದ ಜಾತ್ರೆಗೆ ಹೋಗುವಾಗ ಪೇಟಿಯ ಮುಂದೆ ಕುಳಿತಿದ್ದವರು ಯಾರು ಯಾರು? ಧುತ್ತರಗಿಯವರ ಅಭಿಮಾನಿಗಳನ್ನು ಕೇಳಿ ನೋಡಿ.

ಹೆಸರು ಉಳಿಸಿಕೊಂಡ ಕೆಲವರಲ್ಲಿ ಬೆಳಗಾವಿಯ ಪಂಡಿತ ರಾಮಭಾವು ಬಿಜಾಪುರೆಯವರು ಮುಖ್ಯರು. ಪೂರ್ಣ ಹೆಸರು ರಾಮ ಕಲ್ಲೋ ಬಿಜಾಪುರೆ, ಆರ್.ಕೆ. ಬಿಜಾಪುರೆ ಎಂದೇ ಪ್ರಸಿದ್ಧಿ. 1917ರ ಜನವರಿಯಲ್ಲಿ ಕಾಗವಾಡದಲ್ಲಿ ಜನನ. ತಂದೆ ಕಲ್ಲೋಪಂತರು ನಾಟಕಕಾರರು, ಸಂಗೀತ ಶಿಕ್ಷಕರು. ನಾಟಕವೂ ಸಂಗೀತವೂ ಒಂದೇ ಸೂರಿನಡಿಯಿದ್ದ ಆ ಮನೆಯಲ್ಲಿ ಮಗು ಪೇಟಿಯ ಮನೆಗಳ ಮೇಲೆ ಬೆರಳಿಟ್ಟದ್ದು ಸಹಜ. ಅವರಿಗೆ ಪೇಟಿ ಕಲಿಸಿದವರಲ್ಲಿ ಅಣ್ಣಿಗೇರಿ ಮಲ್ಲಯ್ಯನವರು ಮೊದಲಿಗರು. ಮಲ್ಲಯ್ಯನವರು ನೀಲಕಂಠಬುವಾ ಮಿರಜಕರರ ಶಿಷ್ಯರು. ಗದುಗಿನ ಪಂಚಾಕ್ಷರಿ ಗವಾಯಿಗಳು ಹಿಂದೂಸ್ಥಾನಿ ಕಲಿತದ್ದು, ಮನ್ಸೂರರು ಕಂಪನಿಯಿಂದ ಬಿಡಿಸಿಕೊಂಡು ಹೋಗಿ ಕುಳಿತದ್ದು ಅದೇ ನೀಲಕಂಠಬುವಾರ ಪದತಲದಲ್ಲಿ. ಹೀಗೆ ಉತ್ತರ ಕರ್ನಾಟಕದ ಗಾಯನದ ಬೇರೂ ಪೇಟಿವಾದನದ ಬೇರೂ ಒಂದೇ ಮಣ್ಣಿನಲ್ಲಿವೆ. ಮುಂದೆ ರಾಜವಾಡೆ, ಗೋವಿಂದರಾವ್ ಗಾಯಕವಾಡ, ಹಣಮಂತರಾವ್ ವಾಳ್ವೇಕರರಿಂದಲೂ ಬಿಜಾಪುರೆಯವರು ಕಲಿತರು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಗ್ವಾಲಿಯರ್ ಪರಂಪರೆಯ ರಾಮಕೃಷ್ಣಬುವಾ ವಝೆ ಮೊದಲಾದವರ ಬಳಿ ಗಾಯನವನ್ನೂ ಅಭ್ಯಸಿಸಿದರು.

ಇದನ್ನು ವಿಶೇಷವಾಗಿ ಹೇಳಲು ಕಾರಣವಿದೆ. ಪೇಟಿಯ ಮನೆ ಒತ್ತಿದರೆ ಸುರ ಬರುತ್ತದೆ. ಮಗು ಒತ್ತಿದರೂ ಬರುತ್ತದೆ. ಆದ್ದರಿಂದಲೇ ಅದು ಸುಲಭದ ವಾದ್ಯವೆಂಬ ಭ್ರಮೆ. ಹಾಡುಗಾರ ಈ ಕ್ಷಣ ಎಲ್ಲಿಗೆ ಹೋಗಲಿದ್ದಾನೆಂದು ಅರಿಯಬೇಕಾದರೆ ನುಡಿಸುವವನೊಳಗೂ ಒಬ್ಬ ಹಾಡುಗಾರನಿರಬೇಕು. ಬಂದಿಶು ಗೊತ್ತಿರಬೇಕು, ಘರಾನೆಯ ಚಲನೆ ಗೊತ್ತಿರಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಸುಮ್ಮನಿರಬೇಕಾದ ಸ್ಥಳ ಗೊತ್ತಿರಬೇಕು. ಮನ್ಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಬಸವರಾಜ ರಾಜಗುರು, ಕುಮಾರ ಗಂಧರ್ವ — ಒಬ್ಬರ ದಾರಿ ಇನ್ನೊಬ್ಬರದಲ್ಲ. ಇವರೆಲ್ಲರಿಗೂ ಸಾಥ್ ನೀಡಿ ಎಲ್ಲರಿಂದಲೂ ಬೇಕೆನಿಸಿಕೊಂಡದ್ದು ಬಿಜಾಪುರೆಯವರ ಸಾಧನೆ. ಬೆಳಗಾವಿಯಲ್ಲಿ ಶ್ರೀರಾಮ ಸಂಗೀತ ವಿದ್ಯಾಲಯವನ್ನು ತರುಣ ವಯಸ್ಸಿನಲ್ಲೇ ತೆರೆದು ದಶಕಗಳ ಕಾಲ ಕಲಿಸಿದರು. ಸುಧಾಂಶು ಕುಲಕರ್ಣಿ, ರವೀಂದ್ರ ಕಾಟೋಟಿಯವರಂಥ ವಾದಕರು ಅವರ ಶಿಷ್ಯರು. ಮನೆಯಲ್ಲಿ, ಬೀದಿಯಲ್ಲಿ ಕನ್ನಡ–ಮರಾಠಿಗಳೆರಡೂ ನಡೆಯುವ ಊರದು. ಗಡಿಯ ವಾದ ಎಷ್ಟೇ ಬಿಸಿಯಾದರೂ ಪೇಟಿಯ ಪಾಠ ಯಾವ ಭಾಷೆಯದೆಂದು ಅಲ್ಲಿ ಯಾರೂ ಕೇಳಿದಂತಿಲ್ಲ. ‘ಕರ್ನಾಟಕ ಕಲಾತಿಲಕ’ದಂತಹ ಗೌರವಗಳು ಬಂದವು. 2010ರ ನವೆಂಬರಿನಲ್ಲಿ 93ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಇಷ್ಟು ತುಂಬಿದ ಬದುಕಿನ ನಡುವೆ ಒಂದು ದೊಡ್ಡ ಶೂನ್ಯವಿದೆ. ಅದು ಅವರೊಬ್ಬರದಲ್ಲ, ಅವರ ತಲೆಮಾರಿನ ಪೇಟಿ ಮಾಸ್ತರರೆಲ್ಲರದು. 1940ರ ಮಾರ್ಚ್ 1ರಿಂದ ಆಕಾಶವಾಣಿಯಲ್ಲಿ ಹಾರ್ಮೋನಿಯಂ ನಿಷಿದ್ಧವಾಯಿತು. ಆಗ ಪ್ರಸಾರ ಇಲಾಖೆಯ ಮುಖ್ಯಸ್ಥರಾಗಿದ್ದವರು ಲಯನೆಲ್ ಫೀಲ್ಡನ್. ಆಕಾಶವಾಣಿಯ ಪಾಶ್ಚಾತ್ಯ ಸಂಗೀತ ವಿಭಾಗದಲ್ಲಿದ್ದ ಜಾನ್ ಫೌಲ್ಡ್ಸ್ ಅದಕ್ಕೆ ಮೊದಲೇ ವಾದ್ಯದ ವಿರುದ್ಧ ಬರೆದಿದ್ದರು. ರವೀಂದ್ರನಾಥ ಠಾಕೂರರೂ 1940ರ ಜನವರಿಯಲ್ಲಿ ಕಲ್ಕತ್ತೆಯ ನಿಲಯಕ್ಕೆ ಪತ್ರ ಬರೆದು ನಿಷೇಧಕ್ಕೆ ಒತ್ತಾಸೆ ನೀಡಿದ್ದರು. ಆಕ್ಷೇಪಗಳು ಅಲ್ಲಗಳೆಯುವಂಥವಲ್ಲ. ಪೇಟಿಯಲ್ಲಿ ಮೀಂಡ್ ಇಲ್ಲ. ಒಂದು ಸುರದಿಂದ ಇನ್ನೊಂದಕ್ಕೆ ಜಾರಲಾಗದು, ಹಾರಬೇಕು. ಅದರ ಹನ್ನೆರಡು ಮನೆಗಳು ಸಪ್ತಕವನ್ನು ಸಮವಾಗಿ ಹಂಚಿಕೊಂಡಿರುವುದರಿಂದ ತಂಬೂರಿಯೊಳಗಿಂದ ತಾನಾಗಿ ಹೊಮ್ಮುವ ಗಾಂಧಾರಕ್ಕಿಂತ ಪೇಟಿಯ ಗಾಂಧಾರ ಸುಮಾರು 14 ಸೆಂಟುಗಳಷ್ಟು ಮೇಲಿರುತ್ತದೆ. ಸಪ್ತಕಕ್ಕೆ 1200 ಸೆಂಟುಗಳೆಂಬ ಲೆಕ್ಕದಲ್ಲಿ ಇದು ಚಿಕ್ಕದೆನಿಸಬಹುದು. ಕಿವಿಯಿದ್ದವರಿಗೆ ಚಿಕ್ಕದಲ್ಲ.

ಆದರೆ ಸರಕಾರಿ ಆದೇಶಗಳ ಸ್ವಭಾವವನ್ನು ಒಳಗಿನಿಂದ ಕಂಡವನಾಗಿ ಹೇಳುತ್ತೇನೆ: ಹೊರಡಿಸುವುದಕ್ಕೆ ಒಬ್ಬರ ಉತ್ಸಾಹ ಸಾಕು, ಹಿಂತೆಗೆಯುವುದಕ್ಕೆ ಒಂದು ತಲೆಮಾರು ಬೇಕು. ಫೀಲ್ಡನ್ ಹೋದರು, ಬ್ರಿಟಿಷರೂ ಹೋದರು, ಆದೇಶ ಉಳಿಯಿತು. ‘ವಿದೇಶಿ ವಾದ್ಯ’ ಎಂಬ ವಾದ ಸ್ವಾತಂತ್ರ್ಯಾನಂತರ ಇನ್ನಷ್ಟು ಗಟ್ಟಿಯಾಯಿತು. ಪಿಟೀಲು ಎಲ್ಲಿಂದ ಬಂತೆಂದು ಮಾತ್ರ ಯಾರೂ ಕೇಳಲಿಲ್ಲ. 1950ರ ಜನವರಿ 8ರಂದು ಧಾರವಾಡ ನಿಲಯ ಆರಂಭವಾದಾಗ, ಸುತ್ತಲಿನ ಊರುಗಳಲ್ಲೆಲ್ಲ ಪೇಟಿ ನುಡಿಯುತ್ತಿದ್ದರೂ ನಿಲಯದೊಳಗೆ ಅದಕ್ಕೆ ಪ್ರವೇಶವಿರಲಿಲ್ಲ. 1970ರಲ್ಲಿ ವಿದ್ವಾಂಸರ ವಿಚಾರಗೋಷ್ಠಿ ನಡೆದು, 1971ರಲ್ಲಿ ನಿಷೇಧ ಭಾಗಶಃ ಸಡಿಲಗೊಂಡಿತು: ಮೇಲ್ದರ್ಜೆಯ ಗಾಯಕರಿಗೆ ಸಾಥ್ ನೀಡಬಹುದು, ಏಕವ್ಯಕ್ತಿ ವಾದನ ಕೂಡದು. ಆ ಎರಡನೆಯ ಬಾಗಿಲು ತೆರೆಯಲು ಮತ್ತೆ ದಶಕಗಳೇ ಹಿಡಿದವು.

ಲೆಕ್ಕ ಹಾಕಿ ನೋಡಿ. ನಿಷೇಧ ಬಂದಾಗ ಬಿಜಾಪುರೆಯವರಿಗೆ 23 ವರ್ಷ, ಸಡಿಲಗೊಂಡಾಗ 54. ವಾದಕನೊಬ್ಬನ ಬೆರಳು ಅತ್ಯಂತ ಚುರುಕಾಗಿರುವ ಮೂವತ್ತೊಂದು ವರ್ಷಗಳು ದೇಶದ ಅತಿ ದೊಡ್ಡ ಧ್ವನಿಭಂಡಾರದ ಪಾಲಿಗೆ ಇಲ್ಲವೇ ಇಲ್ಲ. ಅವರಿಗಾದರೂ ವಿದ್ಯಾಲಯವಿತ್ತು, ಶಿಷ್ಯರಿದ್ದರು, ದೀರ್ಘಾಯುಷ್ಯವಿತ್ತು. ಅದೇ ಅವಧಿಯಲ್ಲಿ ಕಂಪನಿಗಳಲ್ಲಿ ನುಡಿಸಿ ಮುಗಿದುಹೋದವರ ಒಂದು ನಿಮಿಷದ ನಾದವೂ ಎಲ್ಲೂ ಉಳಿದಿರಲಾರದು. ಆ ಕಾಲದಲ್ಲಿ ಧ್ವನಿಮುದ್ರಿಸಿ ಕಾಪಿಡುವ ಸಾಮರ್ಥ್ಯವಿದ್ದ ಸಾರ್ವಜನಿಕ ಸಂಸ್ಥೆ ಬಹುಮಟ್ಟಿಗೆ ಅದೊಂದೇ ಆಗಿತ್ತು.

ಪಟ್ಟಿಯಿಂದ ಹೊರಗಿಡುವ ಈ ಚಾಳಿ ನಮ್ಮಲ್ಲಷ್ಟೇ ಇಲ್ಲ. ಪೇಟಿಯ ದಾಯಾದಿಯೊಂದು ಪಶ್ಚಿಮದಲ್ಲಿದೆ: ವಿಯೆನ್ನಾದಲ್ಲಿ 1829ರಲ್ಲಿ ಹಕ್ಕುಪತ್ರ ಪಡೆದ ಅಕಾರ್ಡಿಯನ್. ಎರಡರ ಒಳಗೂ ಗಾಳಿಗೆ ಅದುರುವ ಲೋಹದ ನಾಲಿಗೆಯೇ ಇರುವುದು. ಬೊಹೀಮಿಯಾದ ಹಳ್ಳಿಗಳ ಪೋಲ್ಕಾ ಎಂಬ ಕುಣಿತದ ಸಂಗೀತ ಈ ವಾದ್ಯದ ಹೆಗಲೇರಿ, ವಲಸೆ ಹೋದ ಕಾರ್ಮಿಕರ ಜೊತೆ ಅಮೆರಿಕದ ಕೈಗಾರಿಕಾ ನಗರಗಳನ್ನು ಸೇರಿತು. ಬಿಜಾಪುರೆಯವರಿಗಿಂತ ಸುಮಾರು ಒಂದೂವರೆ ವರ್ಷ ಹಿರಿಯನಾದ ಫ್ರ್ಯಾಂಕಿ ಯಾಂಕೊವಿಕ್ (1915–1998) ಸ್ಲೊವೇನಿಯಾದಿಂದ ಬಂದ ದಂಪತಿಗಳ ಮಗ. ಕ್ಲೀವ್‌ಲ್ಯಾಂಡಿನಲ್ಲಿ ಬೆಳೆದು, ಮದುವೆ ಮನೆ, ಮದ್ಯದಂಗಡಿ, ಕುಣಿತದ ಸಭಾಂಗಣಗಳಲ್ಲಿ ನುಡಿಸುತ್ತ ‘ಅಮೆರಿಕದ ಪೋಲ್ಕಾ ರಾಜ’ ಎನಿಸಿಕೊಂಡ. ಗ್ರ್ಯಾಮಿ ಪ್ರಶಸ್ತಿಯವರು ಪೋಲ್ಕಾಕ್ಕೆ ಪ್ರತ್ಯೇಕ ವಿಭಾಗ ತೆರೆದು 1986ರಲ್ಲಿ ಮೊದಲ ಪ್ರಶಸ್ತಿ ಕೊಟ್ಟದ್ದು ಅವನಿಗೇ. 2009ರಲ್ಲಿ ಆ ವಿಭಾಗವನ್ನೇ ರದ್ದುಪಡಿಸಿದರು. ಜನಪ್ರಿಯ ವಾದಕನಿಗೆ ಜನ ಕೊಡುವ ಸ್ಥಾನ ಒಂದು, ಸಂಸ್ಥೆಗಳು ಕೊಡುವ ಸ್ಥಾನ ಇನ್ನೊಂದು. ಒಂದು ವ್ಯತ್ಯಾಸ ಮಾತ್ರ ಗಮನಾರ್ಹ: ಯಾಂಕೊವಿಕ್‌ನ ನಾದ ಮುದ್ರಿಕೆಗಳಲ್ಲಿ ಉಳಿದಿತ್ತು. ವಿಭಾಗ ಹೋದರೂ ಅದಕ್ಕೆ ಧಕ್ಕೆಯಾಗಲಿಲ್ಲ.

ಸೇವೆಯಲ್ಲಿದ್ದಾಗ, ಸಂಕಷ್ಟದಲ್ಲಿರುವ ಕಲಾವಿದರ ಮಾಸಾಶನದ ಅರ್ಜಿಗಳನ್ನು ಪರಿಶೀಲಿಸುವ ಸಮಿತಿಯೊಂದರಲ್ಲಿ ಕುಳಿತುಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ನಿಗದಿತ ವಯಸ್ಸು, ಇಂತಿಷ್ಟು ವರ್ಷಗಳ ಕಲಾಸೇವೆ, ಅದಕ್ಕೆ ದಾಖಲೆ. ನಿಯಮ ಸರಳ. ನಟನಟಿಯರು ಭಾವಚಿತ್ರ, ಕರಪತ್ರ, ಪತ್ರಿಕೆಯ ತುಣುಕುಗಳ ಕಟ್ಟನ್ನೇ ತರುತ್ತಿದ್ದರು. ಒಬ್ಬ ವೃದ್ಧರು ಬರಿಗೈಯಲ್ಲಿ ಬಂದಿದ್ದರು. ಮೂರು ದಶಕ ನಾಲ್ಕೈದು ಕಂಪನಿಗಳಲ್ಲಿ ಕಾಲುಪೇಟಿ ನುಡಿಸಿದವರು. ಅವರ ಅರ್ಜಿಯ ಮೇಲೆ ಗುಮಾಸ್ತರು ಮೊದಲೇ ‘ದಾಖಲೆ ಲಗತ್ತಿಸಿಲ್ಲ’ ಎಂದು ಷರಾ ಬರೆದಾಗಿತ್ತು. ಯಾವ ನಾಟಕ, ಯಾವ ಹಾಡು ಎಂದು ಕೇಳಿದಾಗ ಅವರು ಮಟ್ಟುಗಳನ್ನು ಗುನುಗತೊಡಗಿದರು. ಮೇಜಿನ ಕೆಳಗೆ ಅವರ ಎರಡೂ ಪಾದಗಳು ಒಂದರ ಬಳಿಕ ಒಂದು ನೆಲವನ್ನು ಒತ್ತುತ್ತಿದ್ದವು. ಅದಕ್ಕಿಂತ ಗಟ್ಟಿಯಾದ ದಾಖಲೆ ನನಗೆ ಬೇಕಿರಲಿಲ್ಲ. ಕಡತಕ್ಕೆ ಬೇಕಿತ್ತು. ಅವರ ಜೊತೆ ದುಡಿದಿದ್ದ ವಯೋವೃದ್ಧ ನಟಿಯೊಬ್ಬರು ಪ್ರಮಾಣಪತ್ರ ಬರೆದುಕೊಟ್ಟು, ಎರಡು ಸಲ ಹಿಂತಿರುಗಿ ಬಂದ ಅರ್ಜಿ ಕೊನೆಗೆ ಮಂಜೂರಾಗಲು ಒಂದು ವರ್ಷದ ಮೇಲಾಯಿತು. ಆ ನಟಿ ಬದುಕಿರದಿದ್ದರೆ ಏನಾಗುತ್ತಿತ್ತೆಂಬ ಪ್ರಶ್ನೆಗೆ ನಿಯಮಾವಳಿಯಲ್ಲಿ ಉತ್ತರವಿರಲಿಲ್ಲ.

ಪ್ರದರ್ಶನ ಕಲೆಗಳ ಅರ್ಥಶಾಸ್ತ್ರದ ಬಗ್ಗೆ ವಿಲಿಯಂ ಬೌಮೊಲ್ ಮತ್ತು ವಿಲಿಯಂ ಬೊವೆನ್ 1966ರಲ್ಲಿ ಒಂದು ಪುಸ್ತಕ ಬರೆದರು. ಅವರ ವಾದದ ತಿರುಳು ಇಷ್ಟು: ಕಾರ್ಖಾನೆಯಲ್ಲಿ ಯಂತ್ರ ಬಂದರೆ ಅದೇ ಕೆಲಸ ಕಡಿಮೆ ಜನರಿಂದಾಗುತ್ತದೆ, ನಾಲ್ವರು ನುಡಿಸಬೇಕಾದ ಸಂಗೀತಕ್ಕೆ ನೂರು ವರ್ಷದ ಬಳಿಕವೂ ನಾಲ್ವರೇ ಬೇಕು. ಬೇರೆಡೆ ಕೂಲಿ ಏರಿದಂತೆ ಇಲ್ಲಿನ ವೆಚ್ಚವೂ ಏರುತ್ತದೆ, ಉತ್ಪಾದನೆ ಏರುವುದಿಲ್ಲ. ನಮ್ಮ ಕಂಪನಿಗಳ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. ಸಿನಿಮಾ, ಆಮೇಲೆ ದೂರದರ್ಶನ ಬಂದು ಗಲ್ಲೆ ಕುಗ್ಗಿದಾಗ ಮಾಲೀಕ ಮೊದಲು ಕೈಹಾಕಿದ್ದು ರಂಗದ ಮುಂದಿನ ತಗ್ಗಿಗೆ. ಹಾಡುಗಳು ಕಡಿಮೆಯಾದವು. ಕಾಲುಪೇಟಿಯ ಜಾಗಕ್ಕೆ ಕೀಬೋರ್ಡ್ ಬಂತು, ತಬಲಾ ಜಾಗಕ್ಕೆ ರಿದಂ ಪ್ಯಾಡ್. ಒಂದು ಕಾಲಕ್ಕೆ ಸಾರಂಗಿಯವರನ್ನು ಹೊರಗೆ ಕಳಿಸಿದ ಪೇಟಿಗೇ ಈ ಪಾಳಿ ಬಂದದ್ದನ್ನು ನ್ಯಾಯವೆನ್ನಬೇಕೋ ವಿಪರ್ಯಾಸವೆನ್ನಬೇಕೋ ತಿಳಿಯದು. ಕೀಬೋರ್ಡ್ ನುಡಿಸುವ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಅವರಲ್ಲಿ ಕೆಲವರು ಕಲಿತದ್ದು ಹಳೆಯ ಮಾಸ್ತರರಿಂದಲೇ.

ಪೇಟಿಯೊಂದಿಗೆ ಅದರ ಪಕ್ಕದ ಇನ್ನೊಂದು ಕಸುಬೂ ಕ್ಷೀಣಿಸುತ್ತಿದೆ: ಸುರ ಹಚ್ಚುವವರದು. ಪೇಟಿಯೊಳಗಿನ ಹಿತ್ತಾಳೆಯ ನಾಲಿಗೆಗಳು ಗುಜರಾತಿನ ಪಾಲಿಟಾಣಾದಂಥ ಊರುಗಳಲ್ಲಿ ತಯಾರಾಗುತ್ತವೆ. ಹಿಂದೆ ಪ್ಯಾರಿಸ್ಸಿನಿಂದ, ಜರ್ಮನಿಯಿಂದ ಬಂದ ನಾಲಿಗೆಗಳಿದ್ದ ಪೇಟಿಯನ್ನು ಜನ ಇಂದಿಗೂ ಹುಡುಕಿ ಕೊಳ್ಳುತ್ತಾರೆ. ನಾಲಿಗೆಯ ತುದಿಯನ್ನು ಕೂದಲೆಳೆಯಷ್ಟು ಕೆರೆದರೆ ಸುರ ಏರುತ್ತದೆ, ಬುಡವನ್ನು ಕೆರೆದರೆ ಇಳಿಯುತ್ತದೆ. ಹೆಚ್ಚು ಕೆರೆದರೆ ನಾಲಿಗೆಯೇ ಮುರಿಯುತ್ತದೆ. ಮಳೆಗಾಲದಲ್ಲಿ ಹಲಗೆ ಉಬ್ಬಿ ಮನೆಗಳು ಸಿಕ್ಕಿಕೊಳ್ಳುತ್ತವೆ, ಬೇಸಿಗೆಯಲ್ಲಿ ಒಣಗಿ ಗಾಳಿ ಸೋರುತ್ತದೆ, ಜಾತ್ರೆಯ ಧೂಳು ನಾಲಿಗೆಗೆ ಅಂಟಿ ಸುರ ಒಡೆಯುತ್ತದೆ, ತಿದಿಯ ತೊಗಲನ್ನು ಇಲಿ ಕಡಿಯುತ್ತದೆ. ಇದನ್ನೆಲ್ಲ ಸರಿಪಡಿಸಬಲ್ಲ ಕೈಗಳು ಕಡಿಮೆಯಾದಂತೆ, ಒಮ್ಮೆ ಕೆಟ್ಟ ಕಾಲುಪೇಟಿ ಮತ್ತೆ ನುಡಿಯುವುದಿಲ್ಲ. ಕೆಲವು ಮನೆಗಳಲ್ಲಿ ಅದರ ಮೇಲೆ ಟಿ.ವಿ. ಕುಳಿತಿರುವುದನ್ನು ಕಂಡಿದ್ದೇನೆ. ಎತ್ತರ ಸರಿಹೊಂದುತ್ತದೆ.

ಶಾಸ್ತ್ರೀಯ ವೇದಿಕೆಯಲ್ಲಿ ಮಾತ್ರ ಪೇಟಿಯ ಸ್ಥಿತಿ ಉತ್ತಮಗೊಂಡಿದೆ. 2018ರ ಜನವರಿಯಲ್ಲಿ ಬೆಂಗಳೂರಿನಲ್ಲಿ ವಿಶ್ವ ಹಾರ್ಮೋನಿಯಂ ಸಮಾವೇಶವೇ ನಡೆಯಿತು. ಅದರ ಹಿಂದಿದ್ದವರು ಬಿಜಾಪುರೆಯವರ ಶಿಷ್ಯರಾದ ಕಾಟೋಟಿಯವರು. ಏಕವ್ಯಕ್ತಿ ವಾದನಕ್ಕೆ ಈಗ ಸಭೆ ಸೇರುತ್ತದೆ, ಚಪ್ಪಾಳೆ ಬೀಳುತ್ತದೆ. ಸಂತೋಷ. ಆದರೆ ಈ ಮನ್ನಣೆ ರಂಗದ ತಗ್ಗಿನವರೆಗೆ ಇಳಿದಿಲ್ಲ. ಸಂಗೀತದ ಅಕಾಡೆಮಿ ಅವರನ್ನು ನಾಟಕದವರೆನ್ನುವುದೂ, ನಾಟಕದ ಅಕಾಡೆಮಿ ಸಂಗೀತದವರೆನ್ನುವುದೂ ಸುಲಭ. ಎರಡು ಇಲಾಖೆಗಳ ನಡುವಿನ ಗೆರೆಯ ಮೇಲೆ ಬಿದ್ದ ಕಡತದ ಗತಿ ಏನೆಂದು ಬಲ್ಲವರು ಬಲ್ಲರು.

ಮಾಡಬಹುದಾದದ್ದು ದುಬಾರಿಯದೂ ಅಲ್ಲ, ಕಷ್ಟದ್ದೂ ಅಲ್ಲ. ಸಹಕಲಾವಿದರ ಸೇವೆಗೆ ಕರಪತ್ರ, ಭಾವಚಿತ್ರಗಳ ಬದಲು ಇಬ್ಬರು ಹಿರಿಯ ರಂಗಕರ್ಮಿಗಳ ಹೇಳಿಕೆಯನ್ನೇ ಸಾಕ್ಷ್ಯವೆಂದು ಒಪ್ಪುವ ಒಂದು ಸುತ್ತೋಲೆ ಸಾಕು. ಸುರ ಹಚ್ಚುವ ಕಸುಬಿಗೆ ಧಾರವಾಡದಲ್ಲೋ ಗದುಗಿನಲ್ಲೋ ವರ್ಷಕ್ಕೆ ಐದಾರು ಹುಡುಗರಿಗೆ ತರಬೇತಿ ಕೊಟ್ಟರೆ ಕೂಲಿಗೂ ಕೊರತೆಯಾಗದು. ಶಾಲೆ, ಮಠ, ಭಜನಾ ಮಂಡಳಿಗಳ ಪೇಟಿಗಳು ದುರಸ್ತಿಗಾಗಿ ಕಾಯುತ್ತಲೇ ಇವೆ. ಮೂರನೆಯದಕ್ಕೆ ಮಾತ್ರ ತಡಮಾಡುವಂತಿಲ್ಲ. ಕಂಪನಿ ನಾಟಕಗಳ ಹಾಡಿನ ಮಟ್ಟುಗಳು ಬಹುಪಾಲು ಬರಹದಲ್ಲಿಲ್ಲ. ನಾಟಕದ ಪುಸ್ತಕದಲ್ಲಿ ಸಾಹಿತ್ಯ ಇರುತ್ತದೆ, ಮಟ್ಟು ಇರುವುದು ಮಾಸ್ತರರ ಬೆರಳಲ್ಲಿ. ಉಳಿದಿರುವವರೆಲ್ಲ ಎಪ್ಪತ್ತು–ಎಂಬತ್ತು ದಾಟಿದವರು.

ಅವರನ್ನು ಹುಡುಕುತ್ತ ಜಿಲ್ಲೆ ಜಿಲ್ಲೆ ಅಲೆಯಬೇಕಾಗಿಯೂ ಇಲ್ಲ. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆ ಸೇರುತ್ತದೆ. ರಾಜ್ಯದ ವೃತ್ತಿ ಕಂಪನಿಗಳು ಒಂದರ ಪಕ್ಕ ಒಂದು ತಂಬು ಹೊಡೆದು, ತೇರು ಎಳೆದ ಮೇಲೂ ವಾರಗಟ್ಟಲೆ ಅಲ್ಲೇ ಇರುತ್ತವೆ. ಈಗ ಕೆಲಸದಲ್ಲಿರುವ ವಾದಕರೂ, ಕೆಲಸ ಬಿಟ್ಟ ಹಳಬರೂ ಹಳೆಯ ಸಲುಗೆಯಿಂದ ಆ ತಂಬುಗಳಿಗೆ ಬಂದು ಹೋಗುತ್ತಾರೆ. ಆಟ ಶುರುವಾಗುವ ತನಕ ಹಗಲು ಪೂರ್ತಿ ಎಲ್ಲರೂ ಬಿಡುವಾಗಿರುತ್ತಾರೆ. ಒಬ್ಬ ಸಂಗೀತ ಬಲ್ಲವ, ಒಬ್ಬ ಧ್ವನಿಮುದ್ರಕ, ಸುರ ಹಚ್ಚಿದ ಒಂದು ಕಾಲುಪೇಟಿ, ಹತ್ತು ಹಗಲು.